ಮೊಲದ ನಾಲ್ಕನೆಯ ಕಾಲು

೧೯೭೨ರಲ್ಲಿ, ಆರನೇ ಇಯತ್ತೆಯಲ್ಲಿದ್ದಾಗ, ನಾನು ಶಾಲೆ ಬಿಟ್ಟೆ. ಶಾಲೆಯೂ ನನ್ನನ್ನು ಬಿಟ್ಟಿತು. ಇಬ್ಬರಲ್ಲಿ ಯಾರೂ ಅಳಲಿಲ್ಲ. ಅದೇ ವರ್ಷ ಅವ್ವನ ಜೊತೆ ಪುಣೆಗೆ ಬಂದು ಕಬ್ಬಿಣ ಕಟ್ಟುವ ಕೆಲಸಕ್ಕೆ ನಿಂತೆ. ಇಪ್ಪತ್ತು ತುಂಬುವಷ್ಟರಲ್ಲಿ, ನಾನು ಕಟ್ಟಿದ ಸರಳನ್ನು ಇಂಜಿನಿಯರು ಒದ್ದು ನೋಡುವುದನ್ನೇ ಬಿಟ್ಟಿದ್ದರು. ನನಗೆ ಸೊಕ್ಕಿತ್ತು. ಸುಮ್ಮನೆ ಬಂದ ಸೊಕ್ಕಲ್ಲ ಅದು.

ಆಗ ಸಾಸವಡದ ರಸ್ತೆಯಲ್ಲಿ ಒಂದು ಗೋದಾಮು ಏಳುತ್ತಿತ್ತು, ನಮ್ಮ ಜೋಪಡಿಯೂ ಅದರ ಪಕ್ಕದಲ್ಲೇ. ಅಲ್ಲಿ ಇಟ್ಟಿಗೆ ಹೊರುವ ಹುಡುಗಿಯೊಬ್ಬಳು ನನ್ನ ಮನಸ್ಸಿಗೆ ಬಂದಿದ್ದಳು. ಅವಳಪ್ಪ ಗೋಡೆ ಕಟ್ಟುವ ಗೌಂಡಿ, ನಮ್ಮ ಕಡೆಯವನೇ. ಐತವಾರ ಊಟಕ್ಕೆ ಬಂದು ಹುಡುಗನನ್ನು ನೋಡುತ್ತೇನೆ ಎಂದು ಅವ್ವನಿಗೆ ಹೇಳಿ ಕಳಿಸಿದ. ಒಪ್ಪಿದರೆ ಮದುವೆ, ಇಲ್ಲವಾದರೆ ಮಗಳನ್ನು ಕರೆದುಕೊಂಡು ಸೋಮವಾರವೇ ತಳೇಗಾಂವದ ಕೆಲಸಕ್ಕೆ ಹೋಗುವವನಿದ್ದ.

ಕೋಳಿ ಯಾರಾದರೂ ಕೊಯ್ಯುತ್ತಾರೆ. ನಾನು ಸರಳು ಬಿಗಿಯುವ ತಂತಿಯಲ್ಲಿ ಉರುಲು ಮಾಡಿ ಗುಡ್ಡದ ಹುಲ್ಲಿನಲ್ಲಿಟ್ಟೆ. ಐತವಾರ ಬೆಳಿಗ್ಗೆ ಮೊಲ ಬಿದ್ದಿತ್ತು.

"ಮೂರು ಕಾಲು ಸುಲಿ. ನಾಲ್ಕನೇದು ಕೂದಲ ಸಮೇತ ಬಿಡು," ಎಂದಳು ಅವ್ವ.

ಸುಲಿದ ಮೇಲೆ ಮೊಲ ಯಾವುದು, ಬೆಕ್ಕು ಯಾವುದು ಎಂದು ಹೇಳುವುದು ಕಷ್ಟ. ಅದಕ್ಕೇ ನೆಂಟರು ನೋಡುವತನಕ ನಮ್ಮವರು ಒಂದು ಕಾಲು ಹಾಗೇ ಬಿಡುತ್ತಾರೆ.

"ಅರ್ಧ ಕೆಲಸ ನಾ ಮಾಡಂಗಿಲ್ಲವ್ವಾ," ಎಂದೆ.

ಮೊದಲು ಕೂದಲು ಹಾರದಂತೆ ನೀರು ಚಿಮುಕಿಸಿದೆ. ಹಿಂಗಾಲು ಕಟ್ಟಿ ಬಿದಿರಿಗೆ ತಲೆಕೆಳಗಾಗಿ ತೂಗುಹಾಕಿದೆ. ಹ್ಯಾಕ್ಸಾ ಬ್ಲೇಡು ತೇಯ್ದು ಮಾಡಿದ ಚಾಕುವಿನಿಂದ ಕಾಲ ಸುತ್ತ ಗೆರೆ ಕೊಯ್ದು, ತೊಡೆಯ ಒಳಗಿನಿಂದ ಬಾಲದವರೆಗೆ ಸೀಳಿ ಎಳೆದೆ. ಬೆವರಿನ ಬನಿಯನ್ನು ಕಳಚಿದಂತೆ ಚರ್ಮ ಒಳಮೈ ಹೊರಗಾಗಿ ಇಳಿದು ಬಂತು. ಕರುಳಿಗೆ ತಾಗದಂತೆ ಎರಡು ಬೆರಳ ನಡುವೆ ಚಾಕು ಹಿಡಿದು ಹೊಟ್ಟೆ ಬಿಡಿಸಿದೆ. ಪಿತ್ತ ಒಡೆಯದಂತೆ ಯಕೃತ್ತಿನಿಂದ ಬೇರೆ ಮಾಡಿದೆ. ತಲೆ, ಬಾಲ, ನಾಲ್ಕೂ ಪಾದ ಕತ್ತರಿಸಿ ಹಿಂದಿನ ಗುಂಡಿಗೆ ಎಸೆದು, ಮೈಗೆಲ್ಲ ಉಪ್ಪು ಅರಿಶಿನ ಹಚ್ಚಿ ಮತ್ತೆ ಬಿದಿರಿಗೆ ತೂಗುಹಾಕಿದೆ. ಮದುಮಗನಂತೆ ಹೊಳೆಯುತ್ತಿತ್ತು. ಹುಡುಕಿದರೂ ಒಂದು ಕೂದಲು ಸಿಗುತ್ತಿರಲಿಲ್ಲ.

ಗೌಂಡಿ ಬಂದವನು ನನ್ನನ್ನು ಬಿಟ್ಟು ಅದನ್ನೇ ನೋಡಿದ.

"ಕಾಲೆಲ್ಲಿ?"

"ತಗದೀನ್ರಿ ಮಾಮಾ."

"ತಲಿ?"

"ಅದೂ ತಗದೀನ್ರಿ. ನೋಡ್ರಿ, ಎಷ್ಟು ಸ್ವಚ್ಛ ಅದ!"

"ಭಾಳ ಸ್ವಚ್ಛ ಅದ. ಕುಲ-ಗೋತ್ರನೂ ಉಳಿದಿಲ್ಲ."

ಅಷ್ಟರಲ್ಲಿ ಗೋದಾಮಿನ ಮರಾಠಿ ಕಾವಲುಗಾರ ಮುದುಕ, "ಮನೀ... ಏ ಮನೀ..." ಎಂದು ಕೂಗುತ್ತ ಮರಳಿನ ಗುಡ್ಡೆ ಸುತ್ತಿದ.

ಪುಣೆಗೆ ಬಂದು ಏಳು ವರ್ಷವಾದರೂ ಅವ್ವ ಮರಾಠಿಯನ್ನು ಮೈಗೆ ತಾಗಿಸಿಕೊಂಡಿರಲಿಲ್ಲ. "ಯಪ್ಪಾ, ಪಾಪ! ಮನಿ ಎದುರಿಗೇ ಅದ, ಮನಿ ಮನಿ ಅಂತ ತಿರಗಲಿಕತ್ತಾನ!" ಎಂದಳು.

"ಅಕ್ಕಾ, ಇವರ ಮಾತಿನಾಗ ಮನಿ ಅಂದ್ರ ಬೆಕ್ಕು," ಎಂದ ಗೌಂಡಿ, ಬಿದಿರಿನಿಂದ ಕಣ್ಣು ತೆಗೆಯದೆ. "ಮುಂಜಾನಿಂದ ಕಾಣವಲ್ದಂತ." ಟವೆಲು ಕೊಡವಿ ಹೆಗಲಿಗೆ ಹಾಕಿ ಚಪ್ಪಲಿ ಮೆಟ್ಟಿದ.

"ದೇವರಾಣಿ ಮೊಲಾರೀ ಮಾಮಾ!"

"ದೇವರಿಗೆ ಯಾಕ ತ್ರಾಸ ಕೊಡ್ತಿ? ಒಂದು ಕಾಲು ತೋರಸು, ಸಾಕು."

ಗುಂಡಿಗೆ ಓಡಿದೆ. ಖಾಲಿ. ನಾಯಿಗಳು ನನಗಿಂತ ಸ್ವಚ್ಛವಾಗಿ ಕೆಲಸ ಮುಗಿಸಿದ್ದವು. ಗೌಂಡಿ ಹತ್ತು ಹೆಜ್ಜೆ ಹೋಗಿಯೂ ಬಿಟ್ಟಿದ್ದ.

ನೀರಿನ ಡ್ರಮ್ಮಿನ ಹತ್ತಿರ ಕೊಡ ತುಂಬುತ್ತಿದ್ದ ಹುಡುಗಿ ಕಿಸಕ್ಕನೆ ನಕ್ಕಳು. "ಅಪ್ಪಾ, ಅಲ್ಲಿ ನೋಡು."

ಇಟ್ಟಿಗೆ ಸಾಲಿನ ಮೇಲೆ ಮುದುಕನ ಮನಿ ಕೂತಿತ್ತು. ಬಾಯಲ್ಲಿ ಕೂದಲು ತುಂಬಿದ ಉದ್ದನೆಯ ಮೊಲದ ಪಾದ. ಯಾರು ಹತ್ತಿರ ಬಂದರೂ ಗುರ್ ಅನ್ನುತ್ತಿತ್ತು. ಗೌಂಡಿ ಕೈ ಪರಚಿಸಿಕೊಂಡು ಅದನ್ನು ಕಿತ್ತುಕೊಂಡ, ತಿರುಗಿಸಿ ನೋಡಿದ, ಮೂಸಿದ, ಬೆಕ್ಕಿಗೇ ವಾಪಸು ಕೊಟ್ಟ. ಮತ್ತೆ ಬಂದು ಚಪ್ಪಲಿ ಬಿಟ್ಟ.

ಆರು ಜೋಳದ ರೊಟ್ಟಿ ತಿಂದ ಮೇಲೆ, ಎಲುಬು ಚೀಪುತ್ತ ನನಗೆ ಹೇಳಿದ: "ಕೈ ಛಲೋ ಅದ. ಕಿವಿ ಛಲೋ ಇಲ್ಲ. ಇರ್ಲಿ, ನನ್ನ ಮಗಳು ರಿಪೇರಿ ಮಾಡ್ತಾಳ."

ಮಾಡಿದಳು. ಈಗ ನನಗೆ ಹೆಂಡತಿ ಒಬ್ಬಳು, ಮಕ್ಕಳು ಮೂವರು, ಆ ಚಾಕು ಒಂದು, ಮನಿ ಎರಡು: ಒಂದು ಕನ್ನಡದ್ದು, ಒಂದು ಮರಾಠಿಯದ್ದು.