ಎಡಿಟರ್ ಕಾದ ಅಪ್ಪ

ಕೇಳಿ ಮಾರಾಯ್ರೆ, ನಮ್ಮಪ್ಪ ಇವತ್ತು ಮಧ್ಯಾಹ್ನದ ಊಟ ಬಿಟ್ಟಿದ್ದಾರೆ. ಭದ್ರಾವತಿಯ ಕಾರ್ಖಾನೆಯಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದ ಅವರಿಗೆ ಈಗ ಕಂಪ್ಯೂಟರಿನಲ್ಲಿ ಲಿನಕ್ಸ್ ಎಂಬ ವ್ಯವಸ್ಥೆ ಕಲಿಯುವ ಹುಚ್ಚು. ಬೆಳಿಗ್ಗೆ ಮೌಸ್ ಮುಟ್ಟದೆ ಫೋಲ್ಡರ್‌ಗಳಲ್ಲಿ ಓಡಾಡುವುದನ್ನು ಕಲಿಸಿ, ಬರೆಯಲು ವಿಐ ಎಂಬ ಎಡಿಟರ್ ತೆರೆದುಕೊಟ್ಟು ಶಿವಮೊಗ್ಗಕ್ಕೆ ಕೆಲಸಕ್ಕೆ ಹೋದೆ. ಅದನ್ನು ಮುಚ್ಚಲು ಗುಂಡಿಯಿಲ್ಲ, ಗೊತ್ತಿರುವ ಆಜ್ಞೆಯನ್ನೇ ಟೈಪ್ ಮಾಡಬೇಕು; ಹಾಗೆ ಹೊರಬರುವುದು ಹೇಗೆಂದು ಹೇಳಲು ಮರೆತಿದ್ದೆ.

ಸಂಜೆ ಬಂದರೆ ಅಪ್ಪ ಅದೇ ಕುರ್ಚಿಯಲ್ಲಿ.

"ಸ್ವಿಚ್ ಆಫ್ ಮಾಡಿ ಏಳೋದಲ್ವಾ ಅಪ್ಪ?"

"ಓಡ್ತಿರೋ ಮಿಷನ್ ಬಿಟ್ಟು, ರಿಲೀವರ್ ಬರೋ ತನಕ ಏಳಬಾರ್ದು ಕಣೇ."

ಮುಂದಿನ ಪಾಳಿಯವರಿಗೆಂದು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ್ದರು: "ಮಿಷನ್ ಸರಿಯಾಗಿದೆ. ಆಪರೇಟರ್‌ಗೆ ಹಸಿವಾಗಿದೆ."

ಒಂದಕ್ಷರವೂ ಅಳಿಯದಂತೆ ಸೇವ್ ಮಾಡಿ ಹೊರಬರುವುದನ್ನು ತೋರಿಸಿದೆ. ಮೊದಲ ಸಲ ಇದರಲ್ಲಿ ಸಿಕ್ಕಿಕೊಂಡಾಗ ನಾನು ಪ್ಲಗ್ಗನ್ನೇ ಕಿತ್ತಿದ್ದೆ. ಅದನ್ನು ಮಾತ್ರ ಅಪ್ಪನಿಗೆ ಯಾರೂ ಹೇಳಬೇಡಿ.