ಬೆಡಗು ಬೇರೆ

ಶೈಲಮ್ಮನ ಇಬ್ಬರು ತಮ್ಮಂದಿರೇ ಆಕೆಯ ಇಬ್ಬರು ಅಳಿಯಂದಿರು. ದೊಡ್ಡ ಮಗಳು ನಂದಾಳನ್ನು ರಾಜಶೇಖರನಿಗೆ, ಚಿಕ್ಕವಳು ಸುಪ್ರಿಯಾಳನ್ನು ಗದಿಗೆಪ್ಪನಿಗೆ ಕೊಟ್ಟು, ತವರನ್ನೂ ಮಕ್ಕಳನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟುಕೊಂಡ ಹೆಂಗಸು. ಹೊರಗಿನ ಸಂಬಂಧ ತಂದವರನ್ನು ಕಂಡರೆ ಆಕೆಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಕಂಪ್ಯೂಟರುಗಳ ವೈಟೂಕೆ ಕೆಲಸಕ್ಕೆಂದು ರಾಜಶೇಖರ ನಂದಾಳೊಡನೆ ಅಮೆರಿಕದ ಕೆಂಡಲ್ ಪಾರ್ಕಿಗೆ ಬಂದಿದ್ದ. ಬಾಣಂತನಕ್ಕೆ ಶೈಲಮ್ಮ ಬಾಗಲಕೋಟೆಯಿಂದ ಅಂಟು, ಕೊಬ್ಬರಿ ಹೊತ್ತು ಬಂದಳು. ನಾನು ಎದುರು ಮನೆಯವಳು. ಆಕೆಯ ಜಂಬ ನನಗೆ ಸೇರುತ್ತಿರಲಿಲ್ಲ. ಆಕೆ ಕಟ್ಟಿದ ಅಂಟಿನುಂಡೆ ಮಾತ್ರ ಬಹಳ ಸೇರುತ್ತಿತ್ತು.

ಗಂಡು ಕೂಸು. ದಿನ ತುಂಬಿ, ಮೈಕೈ ತುಂಬಿಕೊಂಡೇ ಹುಟ್ಟಿತು. ಸಂಜೆಯಾಗುತ್ತಲೇ ಉಸಿರಾಡುವಾಗ ನರಳತೊಡಗಿತು, ಪಕ್ಕೆಲುಬಿನ ನಡುವೆ ಗುಳಿ ಬಿತ್ತು. ವೆಂಟಿಲೇಟರ್‌ಗೆ ಹಾಕಿದರು. ಕೊಳವೆಯಿಂದ ಶ್ವಾಸಕೋಶಕ್ಕೇ ಔಷಧಿ ಬಿಟ್ಟರೆ ಮೈ ಕೆಂಪಾಗುತ್ತಿತ್ತು, ಕೆಲವು ಗಂಟೆಗಳಲ್ಲಿ ಮತ್ತೆ ನೀಲಿಗೆ ತಿರುಗುತ್ತಿತ್ತು. ದಿನ ತುಂಬದ ಕೂಸುಗಳನ್ನೂ ಉಳಿಸುವ ಔಷಧಿ ಇದಕ್ಕೆ ಹತ್ತುತ್ತಿರಲಿಲ್ಲ. ಗಂಡ ಹೆಂಡತಿ ರಕ್ತಸಂಬಂಧಿಗಳೇ ಎಂದು ಡಾಕ್ಟರಮ್ಮ ಕೇಳಿದಳು.

ರಾಜಶೇಖರ ಅಕ್ಕನ ಮುಖ ನೋಡಿದ.

"ಬೆಡಗ ಬ್ಯಾರೆ ಐತಲ್ಲೋ," ಅಂದಳು ಶೈಲಮ್ಮ. "ಬೆಡಗ ಬ್ಯಾರೆ ಇದ್ದ ಮ್ಯಾಲೆ ರಕ್ತ ಹೆಂಗ ಒಂದಾಗತೈತಿ?"

ಬೆಡಗೆಂದರೆ ಗೋತ್ರದ ಹಾಗೆ; ಅವರಲ್ಲಿ ತಂದೆಯ ಬೆಡಗೇ ಮಕ್ಕಳ ಬೆಡಗು. ಅದು ಒಂದೇ ಆದವರು ಅಣ್ಣತಂಗಿಯರು, ಉಳಿದವರೆಲ್ಲ ಬೀಗರು. ರಾಜಶೇಖರ ಡಾಕ್ಟರಮ್ಮನಿಗೆ ಇಲ್ಲ ಎಂದುಬಿಟ್ಟ. ಅಷ್ಟು ಓದಿದವನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಕಾಣೆ. ಡಾಕ್ಟರುಗಳು ಸೋಂಕಿರಬಹುದೆಂದು ಹುಡುಕುತ್ತಾ ಹೋದರು.

ಮಾತು ಬಯಲಾದದ್ದು ಕೇರಳದ ಒಬ್ಬ ನರ್ಸಿನಿಂದ. ನಂದಾ ಚಿಕ್ಕಂದಿನ ರೂಢಿಯಂತೆ ಗಂಡನನ್ನು "ಮಾಮಾ" ಎಂದೇ ಕರೆಯುತ್ತಿದ್ದಳು. ಅಮೆರಿಕದವರಿಗೆ ಅದು ಅಮ್ಮನ ಹೆಸರಾಗಿ ಕೇಳಿಸಿತ್ತು. ಆ ನರ್ಸಿಗೆ ಸರಿಯಾಗಿಯೇ ಕೇಳಿಸಿತು.

ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡಳು. ಉಸಿರು ಬಿಟ್ಟಾಗ ಶ್ವಾಸಕೋಶ ಮುದುಡಿ ಅಂಟಿಕೊಳ್ಳದಂತೆ ಕಾಯುವ ಪ್ರೋಟೀನೊಂದು ಈ ಮಗುವಿನಲ್ಲಿ ತಯಾರಾಗುತ್ತಲೇ ಇಲ್ಲದಿರಬಹುದು. ಹಾಗಿದ್ದರೆ ಕೆಟ್ಟ ಜೀನು ತಂದೆತಾಯಿ ಇಬ್ಬರಿಂದಲೂ ಬಂದಿದೆ. ಇಬ್ಬರಿಗೂ ಅದು ಒಂದೇ ಮನೆಯಿಂದ ಬಂದಿರಬೇಕು. ಶ್ವಾಸಕೋಶವನ್ನೇ ಬದಲಿಸದೆ ಬೇರೆ ದಾರಿಯಿಲ್ಲ. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಬದಲಿ ಸಿಗುವ ಮೊದಲೇ ಕೂಸು ನಂದಾಳ ತೊಡೆಯ ಮೇಲೆಯೇ ತೀರಿಹೋಯಿತು.

ಶೈಲಮ್ಮ ಅಳಲಿಲ್ಲ. ಮನೆಗೆ ಬಂದವಳು ನನ್ನ ಕೈ ಹಿಡಿದಳು. "ಸುಪ್ರಿಯಾಗೂ ಹಿಂಗ ಆಗಬಹುದೇನ್ರೀ?"

ಆಗಬಹುದು ಅಂದೆ. ಪರೀಕ್ಷೆ ಮಾಡಿಸುವ ತನಕ ಮಗುವಿನ ಯೋಚನೆ ಬೇಡವೆಂದು ಅವರಿಗೆ ತಿಳಿಸಬೇಕು ಎಂದೂ ಹೇಳಿದೆ. ಈಗಲೇ ಫೋನ್ ಹಚ್ಚಿಕೊಡಿ ಅಂದಳು. ಸ್ಪೀಕರ್ ಹಾಕಿ ಹಚ್ಚಿಕೊಟ್ಟೆ. ಊರಿಗೆ ಅಲ್ಲಿಯ ತನಕ ಕೂಸು ಹುಟ್ಟಿದ ಸುದ್ದಿ ಮಾತ್ರ ಹೋಗಿತ್ತು. ಶೈಲಮ್ಮ ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಸುಪ್ರಿಯಾ ಶುರುಮಾಡಿದಳು.

"ಅವ್ವಾ, ನಿನ್ನ ಫೋನ್ ದಾರಿನ ಕಾಯಾಕತ್ತಿದ್ನಿ. ನನಗ ಮೂರು ತಿಂಗಳ ತುಂಬ್ಯಾವು. ಅಕ್ಕನ ಕೂಸು ಯಾರ್ಹಂಗ ಐತಿ?"

ಶೈಲಮ್ಮ ಫೋನನ್ನು ನನ್ನ ಕಡೆಗೆ ತಳ್ಳಿದಳು.