ನಿದ್ದೆ ಡಾಕ್ಟರು ಯುದ್ಧಕ್ಕೆ ಹೊರಟದ್ದು

ಮೇಡಂ ಅವರ ಎಡಗೈಯ ಕಿರುಬೆರಳಿನ ಬುಡದಲ್ಲಿ ಪುಟ್ಟ ಹಲ್ಲುಗಳು ಒತ್ತಿದ ಒಂದು ಗುರುತು ಇತ್ತು. ಆಪರೇಷನ್‌ಗೆ ಮೊದಲು ಕೈ ತೊಳೆಯುವಾಗ ಆ ಜಾಗ ಮಾತ್ರ ಬೆಳ್ಳಗೆ ಎದ್ದು ಕಾಣುತ್ತಿತ್ತು. ಕನ್ಯಾನದ ಕಡೆಯ ಐದು ವರ್ಷದ ಹುಡುಗನೊಬ್ಬ ಕಚ್ಚಿದ್ದಂತೆ. ಐಸ್‌ಕ್ರೀಂ ತಿನ್ನಲು ಹೋಗುವುದೆಂದು ಹೇಳಿ ಅವನ ಅಪ್ಪ ಅವನನ್ನು ಆಪರೇಷನ್ ಥಿಯೇಟರಿನ ಬಾಗಿಲವರೆಗೆ ಎತ್ತಿಕೊಂಡು ಬಂದಿದ್ದರು. ಒಳಗಿನ ದೀಪ, ಹಸಿರು ಬಟ್ಟೆ, ಮುಖದ ಮೇಲೆ ಬರುವ ಮಾಸ್ಕ್ ಕಂಡದ್ದೇ ಹುಡುಗ ಸಿಕ್ಕಿದ ಕೈಗೆ ಬಾಯಿ ಹಾಕಿದ್ದ.

"ಕಚ್ಚಿದ್ದು ಆ ಮಗು ಅಲ್ಲ, ಅವನ ಅಪ್ಪನ ಸುಳ್ಳು," ಎಂದು ಮೇಡಂ ಹೇಳುತ್ತಿದ್ದರು.

ಅವರು ಅರಿವಳಿಕೆ ತಜ್ಞೆ. ಊರಿನವರಿಗೆ ಆ ಹೆಸರು ಬಾಯಿಗೆ ಹತ್ತುತ್ತಿರಲಿಲ್ಲ. ಎಲ್ಲರೂ ನಿದ್ದೆ ಡಾಕ್ಟರ್ ಎನ್ನುತ್ತಿದ್ದರು. ನಾನು ಬಂಟ್ವಾಳದ ಒಂದು ಸಣ್ಣ ಆಸ್ಪತ್ರೆಯಲ್ಲಿ ಥಿಯೇಟರ್ ಟೆಕ್ನೀಷಿಯನ್. ಅವರು ಯಾವ ಒಂದು ಆಸ್ಪತ್ರೆಗೂ ಸೇರಿದವರಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಊರುಗಳ ಸಣ್ಣ ಆಸ್ಪತ್ರೆಗಳಲ್ಲಿ ಎಲ್ಲಿಂದ ಫೋನ್ ಬಂದರೂ ತಮ್ಮ ಹಳೆಯ ಕಾರಿನಲ್ಲಿ ಹೊರಡುತ್ತಿದ್ದರು. ನನಗೆ ಡ್ಯೂಟಿ ಇಲ್ಲದ ದಿನ ಬ್ಯಾಗ್ ಹಿಡಿದುಕೊಂಡು ಜೊತೆಗೆ ನಾನೂ ಹೋಗುತ್ತಿದ್ದೆ. ಕಾಲೇಜಿನ ದಿನಗಳಿಂದ ನನಗೆ ದಿನಚರಿ ಬರೆಯುವ ಅಭ್ಯಾಸ. ಅವರ ಜೊತೆ ಓಡಾಡಿದ ಕೊನೆಯ ಪೂರ್ತಿ ತಿಂಗಳ ಲೆಕ್ಕ ಅದರಲ್ಲಿ ಹೀಗಿದೆ: ಬಂಟ್ವಾಳ ಹತ್ತೊಂಬತ್ತು, ಬೆಳ್ತಂಗಡಿ ಹನ್ನೊಂದು, ಮೂಡುಬಿದಿರೆ ಎಂಟು. ಅರ್ಧಕ್ಕಿಂತ ಹೆಚ್ಚು ಹೆರಿಗೆಯ ಆಪರೇಷನ್‌ಗಳು.

ಔಷಧಿ ಏರುವಾಗ ರೋಗಿಗಳನ್ನು ಮಾತಾಡಿಸುವುದು ಅವರ ಕ್ರಮ. ಹೆಂಗಸರಾದರೆ ಪ್ರಶ್ನೆ ಯಾವಾಗಲೂ ಒಂದೇ: "ನೀರುದೋಸೆ ಹೇಗೆ ಮಾಡುವುದು ನೀವು? ಸುರುವಿನಿಂದ ಹೇಳಿ." ಆ ಹೆಂಗಸರು ಮಾತಿನಲ್ಲೇ ಅಕ್ಕಿ ತೊಳೆಯುತ್ತಿದ್ದರು, ನೆನೆಹಾಕುತ್ತಿದ್ದರು, ಅಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. "ಇಷ್ಟು ವರ್ಷದಲ್ಲಿ ಒಬ್ಬರಾದರೂ ಕಾವಲಿಗೆ ಹಿಟ್ಟು ಹೊಯ್ದದ್ದು ಇಲ್ಲ ಮಾರಾಯ," ಎಂದು ನನ್ನ ಕಡೆ ತಿರುಗಿ ನಗುತ್ತಿದ್ದರು.

ಮಕ್ಕಳ ವಿಷಯದಲ್ಲಿ ಮಾತ್ರ ನಗು ಇರಲಿಲ್ಲ. ಥಿಯೇಟರಿನ ಬಾಗಿಲಲ್ಲಿ ತಂದೆತಾಯಿಯರನ್ನು ನಿಲ್ಲಿಸಿ, ಮಗುವಿನ ಎದುರೇ ನಿಜ ಹೇಳಿಸುತ್ತಿದ್ದರು. ಸೂಜಿ ನೋಯುತ್ತದೆ, ನಾನು ಒಳಗೆ ಬರುವುದಿಲ್ಲ, ಹೊರಗೆ ಕೂತಿರುತ್ತೇನೆ. ಇಷ್ಟನ್ನು ಹೇಳಲಾರದೆ ಅಳುವ ಅಪ್ಪಂದಿರನ್ನು ನಾನು ನೋಡಿದ್ದೇನೆ. ಒಬ್ಬರು, "ನೀವೇ ಹೇಳಿ ಮೇಡಂ, ನನ್ನಿಂದಾಗುವುದಿಲ್ಲ," ಎಂದಾಗ ಅವರು, "ನನ್ನ ಮಗು ಅಲ್ಲವಲ್ಲ, ನಿಮ್ಮದು. ನೀವೇ ಹೇಳ್ಬೇಕು," ಎಂದು ಕಾದು ನಿಂತಿದ್ದರು.

ಆ ಬೇಸಿಗೆಯಲ್ಲಿ ಗಡಿಯಲ್ಲಿ ಯುದ್ಧ ಶುರುವಾಯಿತು. ಸೇನೆಯ ಆಸ್ಪತ್ರೆಗಳಿಗೆ ಕೆಲವು ವರ್ಷಗಳ ಮಟ್ಟಿಗೆ ಡಾಕ್ಟರುಗಳನ್ನು ತೆಗೆದುಕೊಳ್ಳುತ್ತಾರೆ, ಅರಿವಳಿಕೆಯವರು ತುರ್ತಾಗಿ ಬೇಕು ಎಂಬ ಸುದ್ದಿಯನ್ನು ಅವರು ಮೊಬೈಲಿನಲ್ಲಿ ನನಗೆ ತೋರಿಸಿದರು. ವಯಸ್ಸಿನ ಮಿತಿಯೊಳಗೆ ಅವರು ಇನ್ನೂ ಇದ್ದರು.

"ಮೇಡಂ, ನಿಮಗೆ ಸಣ್ಣ ಮಗು ಉಂಟಲ್ಲ?" ಎಂದೆ. ಅವರ ಮಗಳು ಎರಡನೇ ಕ್ಲಾಸಿನಲ್ಲಿದ್ದಳು. ಮನೆಯಲ್ಲಿ ಮಗಳು, ಅವರು, ಅವರ ತಾಯಿ. ಗಂಡ ಗಲ್ಫಿನ ಒಂದು ಕಂಪೆನಿಯಲ್ಲಿ.

"ಉಂಟು," ಎಂದರು. ಸ್ವಲ್ಪ ದೂರ ಕಾರು ಓಡಿಸಿದ ಮೇಲೆ, "ಅಲ್ಲಿ ಕಾಲು ತೆಗೆಸಿಕೊಳ್ಳುವ ಹುಡುಗನೂ ಯಾರದೋ ಮಗು. ಎಚ್ಚರ ಇರುವಾಗ ತೆಗೆಯಲಿಕ್ಕೆ ಆಗ್ತದಾ? ಯಾರಾದರೂ ನಿದ್ದೆ ಕೊಡ್ಬೇಕಲ್ಲ," ಎಂದರು.

ಅರ್ಜಿ ಹಾಕಿದರು. ಸಂದರ್ಶನಕ್ಕೆ ದೆಹಲಿಗೆ ಹೋದರು. ಮಗಳಿಗೆ ಡಾಕ್ಟರುಗಳ ಮೀಟಿಂಗ್ ಎಂದು ಹೇಳಿದ್ದರು. ಆಯ್ಕೆಯಾದರೆ ತಾನೇ ಹೇಳುವ ಪ್ರಶ್ನೆ, ಈಗಲೇ ಯಾಕೆ ಹೆದರಿಸುವುದು ಎಂಬುದು ಅವರ ಎಣಿಕೆಯಾಗಿತ್ತು. ಆಯ್ಕೆಯಾಯಿತು. ಬರುವುದೋ ಇಲ್ಲವೋ ಎಂದು ತಿಳಿಸಲು ಅವರಿಗೆ ಮೂರು ವಾರಗಳ ಅವಕಾಶವಿತ್ತು.

ಗಂಡ ಫೋನಿನಲ್ಲಿ ಒಪ್ಪಲಿಲ್ಲ. ಆ ಮಾತುಕತೆಯನ್ನು ಅವರೇ ನನಗೆ ಹೇಳಿದ್ದು. "ಮಗು ಉಂಟು ಅಂತ ನೆನಪುಂಟಾ ನಿನಗೆ?" ಎಂದು ಅವರು ಕೇಳಿದರಂತೆ. "ನನಗೆ ದಿನಾ ನೆನಪು ಉಂಟು. ನಿಮಗೆ ವರ್ಷಕ್ಕೆ ಒಂದು ತಿಂಗಳು," ಎಂದು ಇವರು ಹೇಳಿ, ಹೇಳಿದ ಮೇಲೆ ಬೇಸರಪಟ್ಟುಕೊಂಡರಂತೆ. ಕೊನೆಗೆ ಒಂದು ಮಾತು ಸ್ಪಷ್ಟವಾಗಿ ಹೇಳಿದ್ದರು: ಇಬ್ಬರೂ ಒಟ್ಟಿಗೆ ದೂರ ಇರಲು ಸಾಧ್ಯವಿಲ್ಲ, ನೀವು ಊರಿಗೆ ಬಂದರೆ ಮಾತ್ರ ನಾನು ಹೋಗುವುದು. ಆ ಕಡೆಯಿಂದ ಉತ್ತರ ಬಂದಿರಲಿಲ್ಲ.

ಸೇನೆಗೆ ಸೇರುವವರ ಹಿನ್ನೆಲೆ ವಿಚಾರಿಸಲು ಪೊಲೀಸರು ಬಂದು ಹೋದದ್ದರಿಂದ ಸುದ್ದಿ ನೆರೆಕರೆಗೆ ಹಬ್ಬಿತು. ಆಸ್ಪತ್ರೆಗೆ ಬಂದಿದ್ದ ಹಿರಿಯರೊಬ್ಬರು, ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ, "ನೀವು ಹೋಗುವುದು ಒಳ್ಳೆಯದೇ ಮೇಡಂ. ನಿಮ್ಮ ಮುಸ್ಲಿಮರ ಬಗ್ಗೆ ಮಾತಾಡುವವರ ಬಾಯಿ ಮುಚ್ತದೆ," ಎಂದರು. ಹೇಳಿದವರ ಮುಖದಲ್ಲಿ ಕೆಡುಕೇನೂ ಇರಲಿಲ್ಲ.

ಮೇಡಂ ಲೋಟ ಕೆಳಗಿಟ್ಟರು. "ಬಾಯಿ ಮುಚ್ಚಿಸಲಿಕ್ಕೆ ನನ್ನ ಹತ್ತಿರ ಮಾಸ್ಕ್ ಉಂಟು ಮಾರಾಯ್ರೆ. ಅಷ್ಟಕ್ಕೆ ಮಿಲಿಟರಿ ಬೇಡ." ಸುತ್ತಲಿದ್ದವರು ನಕ್ಕರು. ಅವರು ಚಹಾ ಅರ್ಧಕ್ಕೇ ಬಿಟ್ಟು ಕಾರಿಗೆ ಹತ್ತಿದರು.

ಆ ವಾರವೇ ಫ್ಲೆಕ್ಸ್ ಬಂತು. ನಮ್ಮಲ್ಲಿ ಯಾರಾದರೂ ಏನನ್ನಾದರೂ ಸಾಧಿಸಿದರೆ ಊರಿನ ಸಂಘದವರು ಜಂಕ್ಷನ್ನಿನಲ್ಲಿ ಫ್ಲೆಕ್ಸ್ ಹಾಕುತ್ತಾರೆ, ಆಮೇಲೆ ಶಾಲು, ಹಣ್ಣಿನ ಬುಟ್ಟಿ, ಸನ್ಮಾನ. ಸಾಧಿಸಿದ್ದಾರೋ ಇಲ್ಲವೋ ಎಂದು ಅವರನ್ನೇ ಕೇಳುವ ಕ್ರಮ ಇಲ್ಲ. ಆಸ್ಪತ್ರೆಯ ವಾರ್ಷಿಕೋತ್ಸವದ ಒಂದು ಫೋಟೋದಿಂದ ಮೇಡಂ ಅವರ ಮುಖವನ್ನು, ತಲೆಯ ಶಾಲು ಸಮೇತ, ಕತ್ತರಿಸಿ ತೆಗೆದು ಯಾರದೋ ಸೈನಿಕನ ಮೈಗೆ ಅಂಟಿಸಿದ್ದರು. ಆ ಮೈಯ ಕೈಯಲ್ಲಿ ದೊಡ್ಡ ಕೋವಿ. ಮೇಲೆ "ರಣರಂಗಕ್ಕೆ ಹೊರಟ ನಮ್ಮೂರ ವೀರವನಿತೆಗೆ ಶುಭಾಶಯಗಳು". ಕೆಳಗೆ ಪದಾಧಿಕಾರಿಗಳ ಮುಖಗಳು ಸಾಲಾಗಿ.

ಅಂದು ನಾವು ಮೂಡುಬಿದಿರೆಯಿಂದ ಬೇರೆ ದಾರಿಯಲ್ಲಿ ಬಂದದ್ದರಿಂದ ಫ್ಲೆಕ್ಸ್ ನೋಡಿರಲಿಲ್ಲ. ಮಗಳ ಶಾಲೆಯ ರಿಕ್ಷಾ ಜಂಕ್ಷನ್ ದಾಟಿಯೇ ಬರುವುದು. ಮನೆ ತಲುಪಿದಾಗ ಅವಳು ಶೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತಿದ್ದಳು.

"ಉಮ್ಮ, ನಿನ್ನ ಕೈಯಲ್ಲಿ ಕೋವಿ ಯಾಕೆ?" ಎಂದಳು.

ಮೇಡಂಗೆ ಅರ್ಥವಾಗಲಿಲ್ಲ. ಅವಳೇ ವಿವರಿಸಿದಳು. ರಿಕ್ಷಾದ ಮಾಮ ಓದಿ ಹೇಳಿದ್ದರಂತೆ, ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರಂತೆ. ಆಮೇಲೆ ಕೇಳಿದಳು: "ಅವತ್ತು ದೆಹಲಿಗೆ ಹೋದದ್ದು ಮೀಟಿಂಗ್‌ಗೆ ಅಲ್ವಾ?"

ನಾನು ಬ್ಯಾಗ್ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದೆ. ಹೋಗಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಮೇಡಂ ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು.

"ಅಲ್ಲ. ನಾನು ಸುಳ್ಳು ಹೇಳಿದ್ದು."

"ಯುದ್ಧಕ್ಕೆ ಹೋಗ್ತೀಯಾ?"

"ಯುದ್ಧದಲ್ಲಿ ಪೆಟ್ಟಾದವರು ಬರುವ ಆಸ್ಪತ್ರೆಗೆ. ಹೋಗುವುದಾ ಬೇಡವಾ ಅಂತ ಇನ್ನೂ ನಿರ್ಧಾರ ಮಾಡಿಲ್ಲ."

"ಸಾಯ್ತೀಯಾ?"

ಅಡಿಗೆಮನೆಯ ಬಾಗಿಲಿಗೆ ಬಂದಿದ್ದ ಅವರ ತಾಯಿ, "ಇಲ್ಲ ಅಂತ ಹೇಳು," ಎಂದು ಕೈಸನ್ನೆ ಮಾಡಿದರು. ನನಗೂ ಹಾಗೇ ಅನಿಸಿತ್ತು.

"ಆಸ್ಪತ್ರೆ ದೂರ ಇರ್ತದೆ. ಸಾಯುವುದು ಕಡಿಮೆ," ಎಂದರು ಮೇಡಂ. "ಆದರೆ ಖಂಡಿತ ಇಲ್ಲ ಅಂತ ಹೇಳಲಿಕ್ಕೆ ನನಗೆ ಗೊತ್ತಿಲ್ಲ ಮಗಾ."

ಅವಳು ಎದ್ದು ಒಳಗೆ ಹೋಗಿ ಕೋಣೆಯ ಚಿಲಕ ಹಾಕಿಕೊಂಡಳು.

ಸಂಜೆ ಮೇಡಂ ಸಂಘದ ಕಾರ್ಯದರ್ಶಿಯ ಅಂಗಡಿಗೆ ಹೋದರು. ಫ್ಲೆಕ್ಸ್ ತೆಗೆಯಬೇಕೆಂದು ಹೇಳಿದರು. ಕಾರ್ಯದರ್ಶಿಗೆ ನಿಜಕ್ಕೂ ನೋವಾಯಿತು. "ಕೋವಿಯದ್ದಾ ಮೇಡಂ ಸಮಸ್ಯೆ? ಸ್ಟೆತಸ್ಕೋಪ್ ಹಾಕಿದರೆ ಮಿಲಿಟರಿ ಅಂತ ಯಾರಿಗೆ ಗೊತ್ತಾಗ್ಬೇಕು ಹೇಳಿ!"

"ಕೋವಿಯದ್ದಲ್ಲ. ನಾನು ಇನ್ನೂ ಹೊರಟಿಲ್ಲ."

"ಈಗ ತೆಗೆದರೆ ಜನ ಹೆದರಿದ್ದು ಅಂತ ಹೇಳ್ತಾರೆ."

"ಹೇಳಲಿ. ನಿಮ್ಮ ಫ್ಲೆಕ್ಸಿಗೋಸ್ಕರ ನಾನು ಹೋಗುವುದೂ ಇಲ್ಲ, ಅದರ ಸಿಟ್ಟಿಗೆ ಉಳಿಯುವುದೂ ಇಲ್ಲ."

ಮರುದಿನ ಬೆಳಗ್ಗೆ ಅಲ್ಲಿ ಖಾಲಿ ಚೌಕಟ್ಟು ಇತ್ತು. ಜನ ಹೇಳುವುದನ್ನು ಹೇಳಿದರು.

ಆ ದಿನಗಳಲ್ಲಿ ಒಮ್ಮೆ ಬೆಳ್ತಂಗಡಿಯಿಂದ ಮರಳುವಾಗ, "ಮಗಳನ್ನೇ ಕೇಳಿ ಮೇಡಂ. ಅವಳು ಒಪ್ಪಿದರೆ ಹೋಗುವ ಅಂತ," ಎಂದು ನಾನು ಸಲಹೆ ಕೊಟ್ಟೆ. ಅವರಿಗೆ ಸಿಟ್ಟು ಬಂತು.

"ಕೇಳಿದರೆ ಅವಳು ಹೋಗ್ಬೇಡ ಅಂತಾಳೆ. ಆಮೇಲೂ ಹೋದರೆ ಅವಳ ಮಾತಿಗೆ ಬೆಲೆ ಇಲ್ಲ ಅಂತ ಆಯ್ತು. ಹೋಗದೆ ಉಳಿದರೆ, ನಾಳೆ ಅಲ್ಲಿ ಯಾರೋ ಸತ್ತ ಸುದ್ದಿ ಟಿ.ವಿ.ಯಲ್ಲಿ ಬಂದಾಗ ಅವಳು ನನ್ನ ಮುಖ ನೋಡ್ತಾಳೆ. ಎರಡೂ ಭಾರ ಏಳು ವರ್ಷದವಳ ಮೇಲೆ ಯಾಕೆ? ನಿರ್ಧಾರ ನನ್ನದು. ತಪ್ಪಾದರೂ ನನ್ನದೇ ಆಗ್ಲಿ. ಅವಳಿಗೆ ಹೇಳುವುದು ಮಾತ್ರ ನನ್ನ ಕೆಲಸ."

ಗಡುವಿಗೆ ಎರಡು ದಿನ ಇರುವಾಗ ಗಂಡನ ಉತ್ತರ ಬಂತು. ಅವರು ಕೆಲಸ ಬಿಟ್ಟು ಊರಿಗೆ ಬರುವವರಿದ್ದರು. "ಇಷ್ಟು ವರ್ಷ ನಾನು ದೂರ ಇದ್ದೆ. ಇನ್ನು ಮನೆಯಲ್ಲಿರುವುದು ನನ್ನ ಸರದಿ," ಎಂದಷ್ಟೇ ಹೇಳಿದರಂತೆ. ಅದನ್ನು ನನಗೆ ಹೇಳುವಾಗ ಮೇಡಂ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಬೇಕಾಯಿತು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಒಪ್ಪಿಗೆ ಕಳಿಸಿ, ಮಂಗಳೂರಿನ ಒಬ್ಬ ಕಿರಿಯ ಡಾಕ್ಟರನ್ನು ನಮ್ಮ ಮೂರೂ ಊರುಗಳಿಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದರು.

ಹೊರಡುವ ವಿಷಯದಲ್ಲಿ ಮನೆಯಲ್ಲಿ ಇನ್ನೊಂದು ಮಾತು ನಡೆಯಿತು. ಗಲ್ಫಿಗೆ ಹೋಗುವ ಗಂಡಸರು ಹೆಚ್ಚಾಗಿ ಬೆಳಗಿನ ಜಾವ, ಮಕ್ಕಳು ಮಲಗಿರುವಾಗ ಹೊರಡುತ್ತಾರೆ. ಅತ್ತರೆ ಕಾಲು ಏಳುವುದಿಲ್ಲವೆಂದು. ಅವರ ತಾಯಿಯೂ ಅದನ್ನೇ ಹೇಳಿದರು: "ಅವಳು ನಿದ್ದೆಯಲ್ಲಿರುವಾಗ ಹೋಗಿಬಿಡು. ನೀನು ಸಣ್ಣದಿರುವಾಗ ನಿನ್ನ ಬಾಪ ಪ್ರತಿ ಸಲ ಹಾಗೇ ಗಲ್ಫಿಗೆ ಹೋದದ್ದು."

"ಹೌದು," ಎಂದರು ಮೇಡಂ. "ಅದಕ್ಕೇ ನಾನು ಎಷ್ಟೋ ವರ್ಷ ನಿದ್ದೆ ಮಾಡಲಿಕ್ಕೆ ಹೆದರಿದ್ದು. ಎದ್ದಾಗ ಮನೆಯಲ್ಲಿ ಯಾರು ಕಡಿಮೆ ಇರ್ತಾರೆ ಅಂತ."

ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ ತೆಗೆಸಿದರು. ಅವರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಕಾರು ಓಡಿಸುವವನು ನಾನೇ. ಗಂಡ ಪೆಟ್ಟಿಗೆಗಳನ್ನು ಡಿಕ್ಕಿಗೆ ಇಟ್ಟರು. ಮಗಳು ಕೋಣೆಯಿಂದ ಹೊರಗೆ ಬರಲಿಲ್ಲ. ಮೇಡಂ ಆ ಮುಚ್ಚಿದ ಬಾಗಿಲಿನ ಮುಂದೆ ನಿಂತರು. ಬಡಿಯಲಿಲ್ಲ.

"ನಾನೀಗ ಹೊರಡ್ತಾ ಇದ್ದೇನೆ. ಆರು ತಿಂಗಳ ಮೊದಲು ರಜೆ ಸಿಗ್ಲಿಕ್ಕಿಲ್ಲ," ಎಂದರು. "ನೀನು ಎಚ್ಚರ ಇದ್ದೀಯ ಅಲ್ವಾ?"

ತುಂಬ ಹೊತ್ತಿನ ಮೇಲೆ ಒಳಗಿನಿಂದ "ಹ್ಞೂಂ" ಎಂದು ಕೇಳಿತು. ಮೇಡಂ ಬಂದು ಕಾರಿನಲ್ಲಿ ಕೂತರು.

ಅವರಿಂದ ನಾನು ಕಲಿತದ್ದರಲ್ಲಿ ಟ್ಯೂಬು, ಸಿಲಿಂಡರು, ಡೋಸಿನ ಲೆಕ್ಕವೆಲ್ಲ ಬೇರೆಯವರಿಂದಲೂ ಕಲಿಯಬಹುದಾಗಿತ್ತು. ಈಗ ಥಿಯೇಟರಿನ ಬಾಗಿಲಲ್ಲಿ ತಂದೆತಾಯಿಯರಿಗೆ, ಮಗುವಿಗೆ ನಿಜ ಹೇಳಿ ಎನ್ನುವವನು ನಾನು. ಮೊದಲು ನನಗೆ ಅದು ಒಂದು ನಿಯಮವಾಗಿತ್ತು. ಹೇಳುವವರಿಗೆ ಅದು ಎಷ್ಟು ಕಷ್ಟ ಎಂಬುದು ಆ ಅಂಗಳದಲ್ಲಿ ನಿಂತ ಮೇಲೆ ತಿಳಿಯಿತು. ಹಾಗಾಗಿ ಅವಸರ ಮಾಡುವುದಿಲ್ಲ. ಕಾಯುತ್ತೇನೆ. ಈ ಋಣ ನನ್ನ ಮೇಲೆ ಇದೆ.

ಯುದ್ಧದ ಸುದ್ದಿ ಈಗ ಟಿ.ವಿ.ಯಲ್ಲಿ ಕಡಿಮೆಯಾಗಿದೆ. ಅವರ ಸೇವೆಯ ಅವಧಿ ಮುಗಿದಿಲ್ಲ. ಅವರ ಕಾರಿನ ಬ್ಯಾಟರಿ ಇಳಿಯದಂತೆ ಭಾನುವಾರ ಹೋಗಿ ಸ್ಟಾರ್ಟ್ ಮಾಡಿ ಬರುವುದು ನನ್ನ ಪಾಲಿನ ಕೆಲಸ. ಭಾನುವಾರವೇ ಅವರ ಫೋನ್ ಬರುವುದು. ಮೊದಲ ಕೆಲವು ವಾರ ಮಗಳು ಫೋನನ್ನು ಕಿವಿಗೆ ಹಿಡಿಯುತ್ತಿದ್ದಳು, ಮಾತಾಡುತ್ತಿರಲಿಲ್ಲ. ಮೇಡಂ ಒಬ್ಬರೇ ಮಾತಾಡಿ ಇಡುತ್ತಿದ್ದರು.

ಒಂದು ಭಾನುವಾರ ನಾನು ಕೀ ವಾಪಸು ಕೊಡಲು ಜಗಲಿಗೆ ಬಂದಾಗ ಫೋನ್ ಸ್ಪೀಕರಿನಲ್ಲಿತ್ತು. ಮಗಳು ಬಾಯಿಬಿಟ್ಟು ಕೇಳಿದಳು: "ನೀನು ನಿದ್ದೆ ಕೊಟ್ಟವರೆಲ್ಲ ಎದ್ದರಾ?"

"ಇಲ್ಲ," ಎಂದರು ಮೇಡಂ. "ನಿನ್ನೆ ಒಬ್ಬ ಏಳಲಿಲ್ಲ."

ಅವಳ ಅಪ್ಪ ಫೋನ್ ತೆಗೆದುಕೊಳ್ಳಲು ಕೈ ಚಾಚಿದರು. ಅವಳು ಕೊಡಲಿಲ್ಲ. ಇನ್ನೊಂದು ಕೈಯಿಂದಲೂ ಅದನ್ನು ಹಿಡಿದುಕೊಂಡು ಬಾಯಿಯ ಹತ್ತಿರ ತಂದಳು.

"ಉಮ್ಮ," ಎಂದಳು, "ನಿನ್ನದು ಊಟ ಆಯ್ತಾ?"